ಜಂಟಿ ವರಿಸೆಯ ಎರಡನೇ ರಿ

"ಸಾರ್, ಎರಡನೇದಕ್ಕೆ ಗುರುತೇ ಇಲ್ವಲ್ಲ?"

ಏಳನೇ ಕ್ಲಾಸಿನ ಹುಡುಗಿ ಹಾಳೆಯ ಮೇಲೆ ಬೆರಳಿಟ್ಟು ಕೇಳಿದಳು. ಪಾಠ ಜಂಟಿ ವರಿಸೆಯ, ಅಂದರೆ ಪ್ರತಿ ಸ್ವರವನ್ನೂ ಎರಡೆರಡು ಸಲ ನುಡಿಸುವ ಅಭ್ಯಾಸದ, ಮೊದಲ ಸಾಲು, ಸಸ ರಿರಿ ಗಗ ಮಮ. ಮೊದಲನೇ ರಿ ಶುದ್ಧ ರಿಷಭದಲ್ಲೇ ಬಂತು. ಎರಡನೇ ರಿಗೆ ಬೆರಳು ಮುಂದಕ್ಕೆ ಸರಿದು ಅರ್ಧ ಮೆಟ್ಟಿಲು ಮೇಲಿನ ಚತುಶ್ರುತಿ ರಿಷಭ ಆಗಿಬಿಟ್ಟಿತು. ಈ ಪಾಠಗಳ ರಾಗವಾದ ಮಾಯಾಮಾಳವಗೌಳದಲ್ಲಿ ಆ ಸ್ವರ ಕೇಳಿದರೆ ಅನ್ನದಲ್ಲಿ ಕಲ್ಲು ಸಿಕ್ಕಂತೆ. ಮತ್ತೆ ನುಡಿಸಿದಳು, ಮತ್ತೂ ಹಾಗೇ. ಪಿಟೀಲು ಕೆಳಗಿಡಿಸಿ ಹಾಡಿಸಿದೆ, ಎರಡೂ ರಿ ಒಂದೇ ಜಾಗದಲ್ಲಿ ನಿಂತವು. ಕಿವಿ ಸರಿಯಿತ್ತು. ಹಾಳೆ ನೋಡಿದಾಗ ಮಾತ್ರ ತಪ್ಪುತ್ತಿತ್ತು.

ಆ ಹಾಳೆ ನಾನು ಮಾಡಿದ್ದು. ಚಿಂತಾಮಣಿಯ ನಮ್ಮ ಮನೆಯಲ್ಲಿ ಸಂಜೆ ಹೊತ್ತು ಪಿಟೀಲು ಪಾಠ ನಡೆಯುತ್ತದೆ. ಈಚೆಗೆ ಬರುವ ಮಕ್ಕಳಲ್ಲಿ ಹಲವರು ಮೊದಲು ಕೀಬೋರ್ಡ್ ಕಲಿತಿರುತ್ತಾರೆ. ಐದು ಗೆರೆಯ ಸ್ಟಾಫ್ ನೊಟೇಷನ್ ಅವರಿಗೆ ಓದಲು ಬರುತ್ತದೆ, ಸರಿಗಮ ಬರವಣಿಗೆ ಹೊಸದು. ಎರಡೂ ಒಂದೇ ಹಾಳೆಯಲ್ಲಿದ್ದರೆ ದಾಟಿ ಬರುವುದು ಸುಲಭ ಎಂದುಕೊಂಡು ಮೇಲೆ ಗೆರೆ, ಕೆಳಗೆ ಕನ್ನಡದ ಸ್ವರಾಕ್ಷರ ಬರುವಂತೆ ಆರಂಭದ ಪಾಠಗಳಾದ ಸರಳೆ, ಜಂಟಿ, ದಾಟು ವರಿಸೆಗಳನ್ನು ಕಂಪ್ಯೂಟರಿನಲ್ಲಿ ಮುದ್ರಿಸಲು ಹೊರಟೆ. ಕೈವಾರದ ಗುರುಪೂರ್ಣಿಮೆ ಸಂಗೀತೋತ್ಸವಕ್ಕೆ ಮಕ್ಕಳನ್ನು ಕೇಳಲು ಕರೆದೊಯ್ಯುವ ಹೊತ್ತಿಗೆ ಮೂರೂ ಮುಗಿದಿರಬೇಕು ಎಂಬುದು ಲೆಕ್ಕ.

ಆ ಹುಡುಗಿ ಕೀಬೋರ್ಡಿನಲ್ಲಿ ಸಿ ಮೇಜರ್, ಜಿ ಮೇಜರ್ ಎರಡನ್ನೇ ನುಡಿಸಿ ಬಂದವಳು. ಪಾಶ್ಚಾತ್ಯ ಪದ್ಧತಿಯಲ್ಲಿ ಎರಡು ನಿಲುಗೀಟುಗಳ ನಡುವಿನ ಭಾಗವೇ ಬಾರ್. ಒಂದು ಬಾರ್‌ನೊಳಗೆ ಸ್ವರಕ್ಕೆ ಒಮ್ಮೆ ಫ್ಲ್ಯಾಟ್ (ಅರ್ಧ ಮೆಟ್ಟಿಲು ಇಳಿಸುವ) ಗುರುತು ಹಾಕಿದರೆ ಆ ಬಾರ್ ಮುಗಿಯುವವರೆಗೂ ಅದು ಜಾರಿಯಲ್ಲಿರುತ್ತದೆ, ಮತ್ತೆ ಹಾಕುವುದಿಲ್ಲ. ಅವಳಿಗೆ ಅದನ್ನು ಯಾರೂ ಹೇಳಿರಲಿಲ್ಲ. ನಮ್ಮ ಬರವಣಿಗೆಯಲ್ಲಂತೂ ಪ್ರತಿ ಅಕ್ಷರವೂ ಸ್ವತಂತ್ರ. ಅವಳು ಕಂಡದ್ದನ್ನೇ ನುಡಿಸಿದಳು.

ಇದನ್ನು ಸಣ್ಣ ತಪ್ಪು ಎಂದು ಬಿಡಲು ನನಗಾಗಲಿಲ್ಲ. ಜಂಟಿಯಲ್ಲಿ ಒತ್ತು ಬೀಳುವುದೇ ಎರಡನೇ ಸ್ವರದ ಮೇಲೆ. ಮೊದಲನೆಯದು ಜಾಗ ತೋರಿಸುತ್ತದೆ, ಎರಡನೆಯದು ಕೆಳಗಿನ ಸ್ವರವನ್ನು ಮುಟ್ಟಿ ಹಾರಿ ಕೂರುತ್ತದೆ. ಸ್ಫುರಿತ ಎನ್ನುವುದು ಅದಕ್ಕೇ. ಯಾವ ಸ್ವರಕ್ಕೆ ಪಾಠದ ಭಾರವೆಲ್ಲ ಇದೆಯೋ ಅದನ್ನೇ ನನ್ನ ಹಾಳೆ ಗುರುತಿಲ್ಲದೆ ಬರಿದಾಗಿ ಬಿಟ್ಟಿತ್ತು. ಅದನ್ನು ಸರಿಮಾಡಲು ಹೋಗಿ ಇಡೀ ಕಡತವನ್ನೇ ಬಿಚ್ಚಿ ಕಟ್ಟಬೇಕಾಯಿತು. ಬಿಚ್ಚಿದ ಕ್ರಮದಲ್ಲೇ ಬರೆಯುತ್ತೇನೆ.

ನಾನು ಬಳಸುವುದು ಲಿಲಿಪಾಂಡ್. ಇದರಲ್ಲಿ ಮೌಸ್ ಹಿಡಿದು ಸ್ವರ ಕೂರಿಸುವ ಕೆಲಸವಿಲ್ಲ. ಸ್ವರಗಳನ್ನು ಅಕ್ಷರದಲ್ಲಿ ಟೈಪ್ ಮಾಡಿದರೆ ಅದೇ ಗೆರೆ ಎಳೆದು ಪಿಡಿಎಫ್ ಕೊಡುತ್ತದೆ. ಬಿಟ್ಟಿ ಸಿಗುವ ಗ್ನೂ ತಂತ್ರಾಂಶ. ನೆದರ್‌ಲೆಂಡ್ಸಿನ ಹಾನ್‌ವೆನ್ ನೀನ್‌ಹೌಸ್, ಯಾನ್ ನ್ಯೂವೆನ್‌ಹೌಜೆನ್ ಇಬ್ಬರೂ 1996ರಲ್ಲಿ ಶುರುಮಾಡಿದ್ದು. ಹಾಗಾಗಿ ಸ್ವರದ ಹೆಸರುಗಳು ಮೂಲದಲ್ಲಿ ಡಚ್ಚಿನವು: ಅರ್ಧ ಮೆಟ್ಟಿಲು ಏರಿಸುವ ಶಾರ್ಪಿಗೆ ಹೆಸರಿನ ಕೊನೆಯಲ್ಲಿ 'ಇಸ್', ಫ್ಲ್ಯಾಟಿಗೆ 'ಎಸ್'. ನಮ್ಮ ಶುದ್ಧ ರಿಷಭ ಅಲ್ಲಿ 'ಡೆಸ್'. ಮೊದಲ ಹಾಳೆಯನ್ನು ಹೀಗೇ ಡೆಸ್, ಆಸ್ ಎಂದು ಬರೆದಿದ್ದೆ. ಬೇರೆಯವರು ಯಾರಾದರೂ ತಿದ್ದಲು ಕೂತರೆ ಏನೂ ಅರ್ಥವಾಗುವಂತಿರಲಿಲ್ಲ.

ಸ್ವರದ ಹೆಸರುಗಳ ಕೋಷ್ಟಕವನ್ನೇ ಬದಲಾಯಿಸಲು ಲಿಲಿಪಾಂಡಿನಲ್ಲಿ ದಾರಿ ಇದೆ. ಯಾವ ಹೆಸರು, ಯಾವ ಮೆಟ್ಟಿಲು, ಎಷ್ಟು ಏರಿಳಿತ ಎಂದು ಒಂದೊಂದು ಸಾಲು ಬರೆದುಕೊಟ್ಟರೆ ಸಾಕು. ಅಲ್ಲಿ ಒಂದು ಅನುಕೂಲ ಸಿಕ್ಕಿತು. ರಿಷಭ ಮೂರು ಬಗೆ, ರಿ ಒಂದು, ರಿ ಎರಡು, ರಿ ಮೂರು. ಇಂಗ್ಲಿಷ್ ಅಂಕಿ ಹಾಕಿ 'ರಿ1' ಎಂದು ಹೆಸರಿಡಲಾಗದು, ಏಕೆಂದರೆ ಆ ಅಂಕಿಯನ್ನು ಲಿಲಿಪಾಂಡ್ ಕಾಲಪ್ರಮಾಣ ಎಂದು ಓದುತ್ತದೆ. 1 ಎಂದರೆ ಪೂರ್ಣ ಸ್ವರ, 4 ಎಂದರೆ ಕಾಲು, 8 ಎಂದರೆ ಅದರರ್ಧ. ಆದರೆ ಇಂಗ್ಲಿಷ್ ಲಿಪಿಯ ಹೊರಗಿನ ಯಾವ ಗುರುತನ್ನಾದರೂ ಅದು ಅಕ್ಷರವೆಂದೇ ಎಣಿಸುತ್ತದೆ. ಕನ್ನಡ ಅಂಕಿಯೂ ಅದಕ್ಕೆ ಅಕ್ಷರವೇ. ಹಾಗಾಗಿ 'ರಿ೧' ಒಂದು ಹೆಸರು, 'ರಿ೧8' ಎಂದರೆ ಆ ಹೆಸರಿಗೆ ಅಂಟಿದ ಕಾಲಪ್ರಮಾಣ. ಕನ್ನಡ ಅಂಕಿ ಸ್ವರಸ್ಥಾನಕ್ಕೆ, ಇಂಗ್ಲಿಷ್ ಅಂಕಿ ಕಾಲಕ್ಕೆ. ಇಷ್ಟು ಚೊಕ್ಕವಾಗಿ ಹೊಂದಿದ್ದು ನೋಡಿ ಆ ರಾತ್ರಿ ಬಹಳ ಸಂತೋಷವಾಯಿತು.

ಕೋಷ್ಟಕದಲ್ಲಿ ಹದಿನಾರು ಹೆಸರು. ಸ ಮತ್ತು ಪ ಒಂದೊಂದೇ. ರಿ, ಗ, ದ, ನಿ ಮೂರು ಮೂರು, ಮ ಎರಡು. ರಿ೧ ಫ್ಲ್ಯಾಟ್, ರಿ೨ ಸಾದಾ, ರಿ೩ ಶಾರ್ಪ್. ಗ೩ ಸಾದಾ, ಗ೨ ಫ್ಲ್ಯಾಟ್, ಗ೧ ಡಬಲ್ ಫ್ಲ್ಯಾಟ್. ದ ರಿಯಂತೆ, ನಿ ಗದಂತೆ. ಗ೧ ಮತ್ತು ರಿ೨ ಕೀಬೋರ್ಡಿನಲ್ಲಿ ಒಂದೇ ಕೀಲಿ, ಹಾಗಾದರೆ ಗ೧ಕ್ಕೂ ರಿ೨ರ ಗೆರೆಯನ್ನೇ ಕೊಟ್ಟರಾಗದೇ ಎಂದು ಯಾರಾದರೂ ಕೇಳಬಹುದು. ಆಗದು. ರಿ೧, ಗ೧ ಎರಡೂ ಇರುವ ಕನಕಾಂಗಿ ರಾಗ ಬರೆಯುವ ದಿನ ಬಂದರೆ ಗಾಂಧಾರ ಗಾಂಧಾರದ ಗೆರೆಯಲ್ಲೇ ಕೂರಬೇಕು. ರಿಷಭದ ಗೆರೆಯಲ್ಲಿ ಎರಡು ಸ್ವರ ಕಂಡರೆ ಮಗು ಅದನ್ನು ಜಂಟಿ ಎಂದೇ ಓದೀತು. ಇನ್ನೊಂದು ಮಾತು: ಲಿಲಿಪಾಂಡಿನ ಸ್ವಂತ ಕೋಷ್ಟಕಗಳಲ್ಲಿ ಸ್ಥಾಯಿಯ ಜಾಗದಲ್ಲಿ -1 ಇರುತ್ತದೆ. ನಾನು 0 ಇಟ್ಟೆ. ಆಗ ಬರೀ 'ಸ' ಮಧ್ಯ ಸ್ಥಾಯಿಗೆ ಬರುತ್ತದೆ, 'ಸ' ಪಕ್ಕ ಒಂದು ಗೀಟು (') ಹಾಕಿದರೆ ತಾರ ಷಡ್ಜ, ಅಂದರೆ ಮೇಲಿನ ಸ್ಥಾಯಿಯ ಸ.

ಜಂಟಿಯ ಆರೋಹಣ ಈಗ ಹೀಗೆ ಟೈಪ್ ಆಗುತ್ತದೆ:

ಸ8 ಸ ರಿ೧ ರಿ೧ ಗ೩ ಗ೩ ಮ೧ ಮ೧ |
ಪ ಪ ದ೧ ದ೧ ನಿ೩ ನಿ೩ ಸ' ಸ' |

ಆದಿತಾಳದ ನಾಲ್ಕೆಣಿಕೆಯ ಲಘು ಒಂದು ಬಾರ್, ಎರಡೆರಡು ಎಣಿಕೆಯ ಎರಡು ದ್ರುತ ಸೇರಿ ಇನ್ನೊಂದು. ಮೊದಲ ಸ್ವರಕ್ಕೆ 8 ಹಾಕಿದರೆ ಮುಂದಿನವಕ್ಕೆಲ್ಲ ಅದೇ ಕಾಲ, ಬೇರೆ ಅಂಕಿ ಸಿಗುವವರೆಗೂ.

ಟೈಪ್ ಮಾಡಲು ನನ್ನ ಹಳೆಯ ಶಿಷ್ಯನೊಬ್ಬ ಸಹಾಯಕ್ಕೆ ಬಂದ. ಅವನು ಕಳಿಸಿದ ಕಡತ ಓಡಿಸಿದರೆ 'ಸ' ಸ್ವರದ ಹೆಸರೇ ಅಲ್ಲ ಎಂದು ದೂರು. ಪರದೆಯ ಮೇಲೆ ಸ ಎಂದೇ ಕಾಣುತ್ತಿದೆ! ಅರ್ಧ ಗಂಟೆ ನೋಡಿದ ಮೇಲೆ ಹೊಳೆಯಿತು. ನಮ್ಮ ಕಡೆ ಮನೆಮಾತು ತೆಲುಗು ಇರುವವರು ಬಹಳ, ಅವನ ಫೋನಿನಲ್ಲಿ ಎರಡೂ ಕೀಲಿಮಣೆ ಇವೆ. ಕೆಲವು ಸಾಲು ತೆಲುಗಿನಲ್ಲಿ ಬಿದ್ದಿದ್ದವು. ತೆಲುಗಿನ ಸ, ಗ, ಮ, ದ ನಮ್ಮವುಗಳ ಅಕ್ಕತಂಗಿಯರಂತೆ, ಕಣ್ಣಿಗೆ ತಲೆಕಟ್ಟಿನಷ್ಟೇ ವ್ಯತ್ಯಾಸ. ಕಂಪ್ಯೂಟರಿಗೆ ಅವು ಪೂರ್ತಿ ಬೇರೆ ಅಕ್ಷರಗಳು. ನನ್ನ ಗುರುಗಳ ನೋಟ್‌ಬುಕ್ಕೂ ಅರ್ಧ ತೆಲುಗು, ಅರ್ಧ ಕನ್ನಡ. ಓದುವಾಗ ಎಂದೂ ತೊಡಕಾಗಿರಲಿಲ್ಲ. ತೆಲುಗಿನ ಹೆಸರುಗಳನ್ನೂ ಕೋಷ್ಟಕಕ್ಕೆ ಸೇರಿಸಿಬಿಟ್ಟೆ. ಈಗ ಯಾವ ಲಿಪಿಯಲ್ಲಿ ಬಂದರೂ ಅದೇ ಸ್ವರ.

ಮುಂದಿನದು ಅಲ್ಪವಿರಾಮದ ಗೊಂದಲ. ನಮ್ಮ ಪುಸ್ತಕಗಳಲ್ಲಿ ಸ್ವರದ ಮುಂದೆ ಅಲ್ಪವಿರಾಮ ಇದ್ದರೆ ಒಂದು ಅಕ್ಷರಕಾಲ ಕಾರ್ವೆ, ಅಂದರೆ ಸ್ವರವನ್ನು ಹಿಡಿದು ನಿಲ್ಲಿಸಬೇಕು. ಲಿಲಿಪಾಂಡಿನಲ್ಲಿ ಅದೇ ಅಲ್ಪವಿರಾಮ ಸ್ವರವನ್ನು ಒಂದು ಸ್ಥಾಯಿ ಕೆಳಗಿಳಿಸುತ್ತದೆ. ನಡುವೆ ಜಾಗ ಬಿಟ್ಟರೂ ಅದಕ್ಕೆ ಲೆಕ್ಕವಿಲ್ಲ. ಸರಳೆ ವರಿಸೆಯ ಒಂದು ಪಾಠದಲ್ಲಿ 'ಸ ರಿ ಗ ಮ ಪ , ಗ ಮ' ಎಂದು ಬಂದು, ಆಮೇಲೆ 'ಪ , , , ಪ , , ,' ಎಂದು ಪಂಚಮವನ್ನು ಎರಡು ಸಲ ಉದ್ದಕ್ಕೆ ಹಿಡಿಯುತ್ತೇವೆ. ಪುಸ್ತಕದಲ್ಲಿದ್ದಂತೆ ಟೈಪ್ ಮಾಡಿದ್ದ ಆ ಸಾಲು ಮುದ್ರಣವಾಗಿ ಬಂದಾಗ ಮೊದಲ ಪ ಐದು ಗೆರೆಗಳ ಕೆಳಗೆ ಎರಡು ಗಿಡ್ಡ ಗೆರೆ ದಾಟಿ ಕೂತಿತ್ತು. ನಂತರದ ಎರಡು ಪ ಮೂರು ಸ್ಥಾಯಿ ಇಳಿದು, ಏಣಿಯಂತೆ ಗಿಡ್ಡ ಗೆರೆಗಳನ್ನು ಎಳೆದುಕೊಂಡು, ಕೆಳಗಿನ ಸಾಲಿನ ಸ್ವರಾಕ್ಷರದ ಮೇಲೆ ಬಂದು ಬಿದ್ದಿದ್ದವು.

ತಿದ್ದಿದ್ದು ಹೀಗೆ:

ಸ8 ರಿ೧ ಗ೩ ಮ೧ ಪ4 ಗ೩8 ಮ೧ | ಪ2 ಪ |

ಕಾರ್ವೆ ಇರುವ ಕಡೆ ಕಾಲಪ್ರಮಾಣ ಹೆಚ್ಚಿಸಬೇಕು, ಹೊಸ ಎಳೆತ ಇರುವ ಕಡೆ ಸ್ವರವನ್ನು ಹೊಸದಾಗಿ ಬರೆಯಬೇಕು. 'ಪ2 ಪ' ಎಂದರೆ ಎರಡು ಪಂಚಮ, ಎರಡು ಬಿಲ್ಲು. ನಡುವೆ ಅಲೆಯ ಗುರುತು ಹಾಕಿ 'ಪ2 ~ ಪ' ಎಂದರೆ ಟೈ ಆಗಿ ಎರಡೂ ಸೇರಿ ಒಂದೇ ಉದ್ದ ಸ್ವರ. ಗುರುತು ಒಂದೇ ಒಂದು, ನುಡಿಸುವ ಕೈಗೆ ಎರಡೂ ಬೇರೆ ಪಾಠ. ಟೈ ತಪ್ಪಾಗಿ ಸೇರಿದೆಯೇ ಎಂದು ಹಿಡಿಯಲು ಕೆಳಗಿನ ಸ್ವರಾಕ್ಷರಗಳೇ ಸಾಕ್ಷಿ: ಟೈ ಆದ ಸ್ವರಕ್ಕೆ ಲಿಲಿಪಾಂಡ್ ಹೊಸ ಅಕ್ಷರ ಕೊಡುವುದಿಲ್ಲ, ಆದ್ದರಿಂದ ಸಾಲಿನ ಉಳಿದ ಅಕ್ಷರಗಳೆಲ್ಲ ಒಂದೊಂದು ಮನೆ ಜರುಗಿರುತ್ತವೆ. ನಿ ಎಂಬ ಅಕ್ಷರ ದ ಕೆಳಗೆ ಕಂಡರೆ ಎಡಕ್ಕೆ ಹುಡುಕುತ್ತಾ ಹೋದರೆ ಸಾಕು.

ಒಂದೇ ಸ್ವರ ಎರಡೆರಡು ಸಲ ಬರೆಯುವ ಶ್ರಮ ಉಳಿಸಲು ಲಿಲಿಪಾಂಡಿನಲ್ಲಿ ಅಡ್ಡದಾರಿಗಳಿವೆ. ಬರೀ ಕಾಲಪ್ರಮಾಣ ಬರೆದರೆ ಹಿಂದಿನ ಸ್ವರವನ್ನೇ ಮತ್ತೆ ಹಾಕುತ್ತದೆ, 'ಸ8 8' ಎಂದರೆ ಸ ಸ. ಜಂಟಿಗೆಂದೇ ಮಾಡಿದಂತಿದೆಯಲ್ಲ ಎಂದು ಇಡೀ ಸಾಲನ್ನು 'ಸ8 8 ರಿ೧ 8 ಗ೩ 8 ಮ೧ 8 |' ಎಂದು ಬರೆದೆ. ಬಾರ್ ಎಂಟರಲ್ಲಿ ಐದಕ್ಕೇ ನಿಂತಿದೆ ಎಂದು ಎಚ್ಚರಿಕೆ ಬಂತು. ಕಾರಣ ಮತ್ತೆ ಖಾಲಿ ಜಾಗವೇ. 'ರಿ೧ 8' ಎಂಬುದು ಅದಕ್ಕೆ 'ರಿ೧8' ಅಷ್ಟೇ, ಒಂದೇ ರಿ. ಸ ಎರಡು, ಉಳಿದವು ಒಂದೊಂದು, ಸೇರಿ ಐದು. 'ರಿ೧8 8' ಎಂದು ಬರೆದರೆ ಎರಡು ಬರುತ್ತವೆ. ಬರೆದೂ ನೋಡಿದೆ, ಸರಿಯಾಗಿ ಬಂತು. ಆದರೂ ಬಿಟ್ಟುಬಿಟ್ಟೆ. ಕನ್ನಡ ಅಂಕಿ, ಇಂಗ್ಲಿಷ್ ಅಂಕಿ, ಮತ್ತೆ ಇಂಗ್ಲಿಷ್ ಅಂಕಿ ಸಾಲಾಗಿ ನಿಂತರೆ ತಪ್ಪು ಹುಡುಕುವುದು ಕಷ್ಟ. 'ರಿ೧ ರಿ೧' ಎಂದು ಎರಡು ಸಲ ಬರೆದರೆ ಟೈಪ್ ಮಾಡುತ್ತಲೇ ಬಾಯಲ್ಲಿ ಹಾಡಿಕೊಳ್ಳಬಹುದು. ಪಾಠದ ಹಾಳೆಗೆ ಅದೇ ಲೇಸು. ಪ್ರತಿ ಬಾರ್ ಕೊನೆಗೆ ಆ ನಿಲುಗೀಟು (|) ಹಾಕುವುದನ್ನು ಮಾತ್ರ ಬಿಡಬೇಡಿ. ಸ್ವರ ಹೆಚ್ಚುಕಡಿಮೆಯಾದರೆ ಅದೊಂದೇ ಹೇಳುತ್ತದೆ.

ಇನ್ನು ಮೂಲ ರೋಗಕ್ಕೆ ಬಂದೆ.

ಲಿಲಿಪಾಂಡಿನಲ್ಲಿ ನಾವು ಬರೆಯುವುದು ಸ್ವರ, ಅದು ಮುದ್ರಿಸುವುದು ಗುರುತು. ರಿ೧ ಎಂದು ಎಷ್ಟು ಸಲ ಬರೆದರೂ ಫ್ಲ್ಯಾಟ್ ಗುರುತು ಎಲ್ಲಿ ಬೇಕು, ಎಲ್ಲಿ ಬೇಡ ಎಂದು ಅದೇ ನಿರ್ಧರಿಸುತ್ತದೆ. ಅಕ್ಷರದಲ್ಲೇ ಸ್ವರ ಟೈಪ್ ಮಾಡುವ ಇನ್ನೊಂದು ಪದ್ಧತಿ, ಕ್ರಿಸ್ ವಾಲ್ಷಾ ಅವರ ಎಬಿಸಿ ಬರವಣಿಗೆ, ಇದಕ್ಕೆ ತಿರುಗುಮುರುಗು. ಅಲ್ಲಿ ಮೇಲೆ ಕೀ, ಅಂದರೆ ಯಾವ ಸ್ವರಕ್ಕೆ ಫ್ಲ್ಯಾಟ್, ಯಾವುದಕ್ಕೆ ಶಾರ್ಪ್ ಎಂಬುದನ್ನು, ಬರೆದರೆ ಕೆಳಗಿನ ಅಕ್ಷರಗಳಿಗೆ ಅದು ತಾನಾಗಿ ಅನ್ವಯಿಸುತ್ತದೆ, ಬಾರ್‌ನಲ್ಲಿ ಒಮ್ಮೆ ಹಾಕಿದ ಗುರುತು ಆ ಬಾರ್ ಪೂರ್ತಿ ಸ್ವರವನ್ನೇ ಬದಲಿಸುತ್ತದೆ. ಒಂದು ಸ್ವರವನ್ನು ಕತ್ತರಿಸಿ ಬೇರೆ ಬಾರ್‌ಗೆ ಅಂಟಿಸಿದರೆ ಅದು ಬೇರೆ ಸ್ವರವಾಗಿಬಿಡಬಹುದು. ಪಾಠಗಳನ್ನು ಮೇಲಿಂದ ಮೇಲೆ ಕತ್ತರಿಸಿ ಜೋಡಿಸುವ ನನಗೆ ಲಿಲಿಪಾಂಡಿನ ಕ್ರಮವೇ ಸರಿ. ರಿ೧ ಎಲ್ಲಿಗೆ ಹೋದರೂ ರಿ೧.

ಮೊದಲು ಆಶ್ಚರ್ಯಚಿಹ್ನೆ ಹಾಕಿ ನೋಡಿದೆ. 'ರಿ೧ ರಿ೧!' ಎಂದರೆ ಗುರುತು ಬೇಡವಾದರೂ ಅಲ್ಲಿ ಬಲವಂತವಾಗಿ ಮುದ್ರಿಸು ಎಂದು. ಪ್ರಶ್ನಾರ್ಥಕ ಹಾಕಿದರೆ ಆವರಣದೊಳಗೆ ಮುದ್ರಿಸುತ್ತದೆ. ಒಂದು ಸಾಲಿಗೆ ಚೆನ್ನಾಗಿತ್ತು. ವರಿಸೆಗಳೆಲ್ಲಕ್ಕೂ ಹಾಕುತ್ತಾ ಹೋದರೆ ಎಲ್ಲೋ ಒಂದು ಕಡೆ ಬಿಟ್ಟುಹೋಗುತ್ತದೆ, ಆ ಒಂದು ಕಡೆಯೇ ಮಗು ತಪ್ಪುತ್ತದೆ.

ಕೈಯಲ್ಲಿ ಹಾಕುವ ಬದಲು ನಿಯಮವನ್ನೇ ಬದಲಾಯಿಸುವ 'ಆಕ್ಸಿಡೆಂಟಲ್ ಸ್ಟೈಲ್' ಎಂಬ ಆಜ್ಞೆ ಇದೆ. ಅದರಲ್ಲಿ ಹತ್ತಾರು ಬಗೆ. 'ಟೀಚಿಂಗ್' ಎಂಬ ಹೆಸರು ನೋಡಿ ಇದೇ ನಮಗೆ ಬೇಕಾದ್ದು ಎಂದುಕೊಂಡೆ. ಕಲಿಯುವವರಿಗೆಂದೇ ಇರುವ ಬಗೆ ಅದು. ಇಡೀ ಪಾಠಕ್ಕೆ ಅನ್ವಯಿಸುವಂತೆ ಸಾಲಿನ ಆರಂಭದಲ್ಲೇ ಹಾಕುವ ಗುರುತುಗಳೇ ಕೀ ಸಿಗ್ನೇಚರ್. ಕೀ ಸಿಗ್ನೇಚರ್‌ನಲ್ಲಿರುವ ಫ್ಲ್ಯಾಟ್, ಶಾರ್ಪ್‌ಗಳನ್ನು ಸ್ವರದ ಪಕ್ಕವೂ ನೆನಪಿಗೆ ಹಾಕುತ್ತದೆ. ಆದರೆ ಒಂದು ಷರತ್ತು: ಸ್ವರ ಕೂಡಲೇ ಮರುಕಳಿಸಿದರೆ ಎರಡನೆಯದಕ್ಕೆ ಹಾಕುವುದಿಲ್ಲ. ಜಂಟಿ ವರಿಸೆಯಲ್ಲಿ ಇರುವುದೆಲ್ಲ ಕೂಡಲೇ ಮರುಕಳಿಸುವ ಸ್ವರವೇ! ಎಲ್ಲಿ ನನ್ನ ಹುಡುಗಿ ಎಡವಿದಳೋ ಸರಿಯಾಗಿ ಅಲ್ಲೇ ಅದು ಸುಮ್ಮನಾಗುತ್ತದೆ.

ಕೊನೆಗೆ ಹೊಂದಿದ್ದು 'ಫರ್ಗೆಟ್'. ಹಿಂದೆ ಬಂದ ಯಾವ ಗುರುತನ್ನೂ ಇದು ನೆನಪಿಟ್ಟುಕೊಳ್ಳುವುದಿಲ್ಲ, ಪ್ರತಿ ಸ್ವರವನ್ನೂ ಕೀ ಸಿಗ್ನೇಚರ್ ಒಂದಕ್ಕೇ ಹೋಲಿಸುತ್ತದೆ. ಕೀ ಸಿಗ್ನೇಚರ್ ಖಾಲಿ ಇಟ್ಟರೆ ಪ್ರತಿ ರಿ೧ಗೂ, ಪ್ರತಿ ದ೧ಕ್ಕೂ ಫ್ಲ್ಯಾಟ್. ಎಣಿಸಿ ನೋಡಿದೆ. ಜಂಟಿಯ ಮೊದಲ ಪಾಠ, ಆರೋಹಣ ಅವರೋಹಣ ಸೇರಿ ನಾಲ್ಕು ಬಾರ್. ಮಾಮೂಲು ಕ್ರಮದಲ್ಲಿ 4 ಫ್ಲ್ಯಾಟ್, ಫರ್ಗೆಟ್‌ನಲ್ಲಿ 8. ರಿ ನಾಲ್ಕು, ದ ನಾಲ್ಕು, ನಮ್ಮ ಅಕ್ಷರದ ಬರವಣಿಗೆಯಲ್ಲಿ ಇದ್ದಷ್ಟೇ.

ಹಾಳೆಗಳನ್ನು ಮೂರು ಮಾಡಿದೆ. ಮೊದಲ ಹಾಳೆ ಫರ್ಗೆಟ್, ಪ್ರತಿ ಸ್ವರಕ್ಕೂ ಗುರುತು. ಎರಡನೆಯದಕ್ಕೆ ಕೀ ಸಿಗ್ನೇಚರ್ ಮತ್ತು ಟೀಚಿಂಗ್: ಜೋಡಿಯ ಮೊದಲನೆಯದಕ್ಕೆ ಮಾತ್ರ ಆವರಣದಲ್ಲಿ ಗುರುತು. ಮೂರನೆಯದರಲ್ಲಿ ಕೀ ಸಿಗ್ನೇಚರ್ ಬಿಟ್ಟು ಏನೂ ಇಲ್ಲ. ಸ್ವರಗಳ ಕಡತ ಮೂರಕ್ಕೂ ಒಂದೇ, ಮೇಲಿನ ಎರಡು ಸಾಲು ಮಾತ್ರ ಬೇರೆ. ಮಾಯಾಮಾಳವಗೌಳಕ್ಕೆ ಬೇಕಾದ ಕೀ ಸಿಗ್ನೇಚರ್ ಪಾಶ್ಚಾತ್ಯ ಮೇಜರ್, ಮೈನರ್ ಯಾವುದರಲ್ಲೂ ಇಲ್ಲ. ರಿ ಮತ್ತು ದ ಎರಡೇ ಫ್ಲ್ಯಾಟ್. ಏಳು ಮೆಟ್ಟಿಲುಗಳ ಪಟ್ಟಿ ಕೊಟ್ಟು ಹೊಸ ಮೋಡ್ ಮಾಡಿಕೊಳ್ಳಬಹುದು, ಹೆಸರೂ ಕನ್ನಡದಲ್ಲೇ ಇರಬಹುದು. ಅದಕ್ಕೆ ಮಾಯಾಮಾಳವಗೌಳ ಎಂದೇ ಹೆಸರಿಟ್ಟೆ. ಶ್ರುತಿ ಬದಲಿಸಿ ಮುದ್ರಿಸಿದರೆ ಗುರುತುಗಳೂ ಜೊತೆಗೇ ಜರುಗುತ್ತವೆ.

ಗುರುತು ಬಾರ್ ದಾಟುವ ಕಡೆಯನ್ನೂ ಪರೀಕ್ಷಿಸಬೇಕಿತ್ತು. ಅದಕ್ಕೆ ಮಲಹರಿ ರಾಗದ ಪಿಳ್ಳಾರಿ ಗೀತೆ (ಆರಂಭದಲ್ಲಿ ಕಲಿಸುವ ಗಣಪತಿ ಗೀತೆ) ತೆಗೆದುಕೊಂಡೆ. ಆರಂಭದಲ್ಲೇ ಮೊದಲ ಆವರ್ತ (ತಾಳದ ಒಂದು ಸುತ್ತು) ತಾರ ರಿಷಭಕ್ಕೆ ಮುಗಿಯುತ್ತದೆ, ಮುಂದಿನ ಆವರ್ತ ಅದೇ ರಿಷಭದಿಂದ ಹೊರಡುತ್ತದೆ. ಬಾರ್ ಗೆರೆ ದಾಟಿದ್ದರಿಂದ ಮಾಮೂಲು ಕ್ರಮದಲ್ಲೂ ಎರಡಕ್ಕೂ ಫ್ಲ್ಯಾಟ್ ಬಂತು. ಪ್ರಯೋಗಕ್ಕೆ ನಡುವೆ ಟೈ ಹಾಕಿದೆ: ಎರಡನೆಯದರ ಗುರುತು ಮಾಯ, ಏಕೆಂದರೆ ಅದು ಹೊಸ ಸ್ವರವಲ್ಲ. ಟೈ ತೆಗೆದೆ, ಮತ್ತೆ ಬಂತು. ಗೀತೆಯಲ್ಲಿ ಅದು ಹೊಸ ಸ್ವರವೇ, ಸಾಹಿತ್ಯದ ಹೊಸ ಅಕ್ಷರವೂ ಅಲ್ಲೇ ಬೀಳುತ್ತದೆ.

ಮೂಲದಲ್ಲಿಲ್ಲದ ಸ್ವರವೂ ಬರುವ, ಬಿಲಹರಿಯಂಥ ಭಾಷಾಂಗ ರಾಗಕ್ಕೆ ಫರ್ಗೆಟ್ ಬೇಡ. ಅಲ್ಲಿ ಕಾಕಲಿ ನಿಷಾದದ (ನಿ೩) ನಡುವೆ ಕೈಶಿಕಿ ನಿಷಾದ (ನಿ೨) ಅನ್ಯಸ್ವರವಾಗಿ ಬಂದು ಹೋಗುತ್ತದೆ. 'ಮಾಡರ್ನ್ ಕಾಷನರಿ' ಹಾಕಿದರೆ ಅನ್ಯಸ್ವರ ಹೋದ ಮೇಲೆ ಮುಂದಿನ ಬಾರ್‌ನ ಕಾಕಲಿಗೆ ಆವರಣದಲ್ಲಿ ನ್ಯಾಚುರಲ್ (ಫ್ಲ್ಯಾಟ್ ರದ್ದು ಮಾಡುವ) ಗುರುತು ಇಟ್ಟು ಜ್ಞಾಪಿಸುತ್ತದೆ. ನಮ್ಮ ಮಕ್ಕಳು ಅಲ್ಲಿಗೆ ಬರಲು ಇನ್ನೂ ಸಮಯವಿದೆ.

ಕಂಪ್ಯೂಟರ್ ಸ್ವರಗಳನ್ನು ನುಡಿಸಿ ಕೇಳಿಸುವ ಮಿಡಿ ಫೈಲ್ ಮಾಡಿ ಕೇಳಿದಾಗ ಇನ್ನೊಂದು ಕೊರತೆ ಕಂಡಿತು. ಪಿಯಾನೋ ದನಿಯಲ್ಲಿ ಸಸ ರಿರಿ ಚೆನ್ನಾಗಿ ಬಿಡಿಬಿಡಿಯಾಗಿತ್ತು. ಪಿಟೀಲಿನ ದನಿಗೆ ಹಾಕಿದರೆ ಎರಡು ಸ್ವರ ಅಂಟಿ ಒಂದೇ ಉದ್ದ ಸ್ವರದಂತೆ ಕೇಳಿತು. ಜಂಟಿ ಕಾಣೆಯಾಗಿ ಬರೀ ವಿಳಂಬ ಸರಳೆ! ಲಿಲಿಪಾಂಡಿನ ಜೊತೆ ಬರುವ 'ಆರ್ಟಿಕ್ಯುಲೇಟ್' ಕಡತ ಸೇರಿಸಿದ ಮೇಲೆ ಪ್ರತಿ ಸ್ವರದ ಬಾಲ ಸ್ವಲ್ಪ ಕತ್ತರಿಸಿ ನಡುವೆ ಉಸಿರು ಬಂತು. ಮನೆಯಲ್ಲಿ ಅಭ್ಯಾಸಕ್ಕೆ ಈಗ ಅದನ್ನೇ ಕಳಿಸುತ್ತೇನೆ.

ಕೊನೆಯದು ಸ್ಫುರಿತ. ಎರಡನೇ ಸ್ವರದ ಮುಂಚೆ ಕೆಳಗಿನ ಸ್ವರವನ್ನು ಚಿಕ್ಕ ಗಾತ್ರದಲ್ಲಿ ಗ್ರೇಸ್ ನೋಟ್ ಆಗಿ ಬರೆದು, ಆ ಆಜ್ಞೆಗೆ 'ಅನುಸ್ವರ' ಎಂದು ನನ್ನದೇ ಹೆಸರು ಕೊಟ್ಟೆ. ರಿರಿಗೆ ನಡುವೆ ಚಿಕ್ಕ ಸ, ಗಗಕ್ಕೆ ಚಿಕ್ಕ ರಿ೧. ಚಿಕ್ಕ ಸ್ವರಕ್ಕೆ 16 ಎಂದು ಕಾಲ ಕೊಟ್ಟರೆ ಅದು ಮುಂದಿನ ಸ್ವರಕ್ಕೂ ಅಂಟುತ್ತದೆ. ಹಾಗಾಗಿ ಎರಡನೇ ಸ್ವರಕ್ಕೆ ಮತ್ತೆ 8 ಬರೆಯಲೇಬೇಕು. ಮರೆತು ಒಮ್ಮೆ ಅರ್ಧ ಸಾಲು ದುಪ್ಪಟ್ಟು ವೇಗಕ್ಕೆ ಹೋಗಿತ್ತು. ಫರ್ಗೆಟ್ ಹಾಳೆಯಲ್ಲಿ ಈ ಚಿಕ್ಕ ಸ್ವರಗಳಿಗೂ ಚಿಕ್ಕ ಫ್ಲ್ಯಾಟ್ ಬಂದು ಬರವಣಿಗೆ ಇರುಕಿ ಹೋಯಿತು. ಅನುಸ್ವರವನ್ನು ಮೂರನೇ ಹಾಳೆಗೆ ಮಾತ್ರ ಇಟ್ಟುಕೊಂಡೆ.

ಮೊದಲ ಹಾಳೆಯನ್ನು ಮುದ್ರಿಸಿ ಆ ಹುಡುಗಿಯ ಮುಂದಿಟ್ಟೆ. ಸಸ, ರಿರಿ. ಬೆರಳು ಕದಲಲಿಲ್ಲ. ಅವರೋಹಣದಲ್ಲಿ ದದ ಕೂಡ ನಿಂತಿತು. "ಈಗ ಎಲ್ಲಕ್ಕೂ ಇದೆ ಸಾರ್" ಎಂದಳು. ಮುಂದಿನ ಸೋಮವಾರ ಎರಡನೇ ಹಾಳೆ ಕೊಡುತ್ತೇನೆ. ಅವರೋಹಣದ ಜಂಟಿಗೆ ಬರುವ ಪ್ರತ್ಯಾಹತ ಎಂಬ ಗಮಕಕ್ಕೆ ಚಿಕ್ಕ ಸ್ವರ ಬರೆಯುವ ಸಾಲುಗಳು ಇನ್ನೂ ಬಾಕಿ ಇವೆ, ಈ ವಾರ ಅದಕ್ಕೆ ಕೂರಬೇಕು.